ಕಿರ್ದಿ ತುಂಬಿದೆ, ಖತಾವಣಿ ಬಾಕಿ ಇದೆ

2025ರ ಸೆಪ್ಟೆಂಬರ್ 15ರ ರಾತ್ರಿ ಹನ್ನೊಂದರ ಸುಮಾರಿಗೆ ಬಸವನಗುಡಿಯ ನಮ್ಮ ಆಡಿಟ್ ಕಚೇರಿಯಲ್ಲಿ ಏಳು ಜನ ಎಚ್ಚರವಾಗಿದ್ದೆವು. ಗಾಂಧಿ ಬಜಾರಿನ ಹೂವಿನವರು ಬುಟ್ಟಿ ಮುಚ್ಚಿ ಹೋಗಿ ಎಷ್ಟೋ ಹೊತ್ತಾಗಿತ್ತು. ಮೇಜಿನ ಮೇಲೆ ಆರಿದ ಕಾಫಿಯ ಲೋಟಗಳು, ಕಾಗದದ ಪೊಟ್ಟಣದಲ್ಲಿ ಉಳಿದ ನಾಲ್ಕು ನಿಪ್ಪಟ್ಟು. ಆರ್ಟಿಕಲ್‌ಶಿಪ್, ಅಂದರೆ ಸಿಎ ತರಬೇತಿ, ಮಾಡುತ್ತಿರುವ ಹುಡುಗನೊಬ್ಬ ಒಂದೇ ಗ್ರಾಹಕರಿಗೆ ಏಳನೆಯ ಸಲ ಫೋನು ಮಾಡುತ್ತಿದ್ದ. ಅವರ ಆದಾಯ ತೆರಿಗೆ ರಿಟರ್ನ್ ಸಿದ್ಧವಾಗಿತ್ತು. ಒಟಿಪಿ ಮಾತ್ರ ಅವರ ಮಗಳ ಮೊಬೈಲಿಗೆ ಹೋಗಿತ್ತು, ಮಗಳು ಮಲಗಿಬಿಟ್ಟಿದ್ದಳು.

ಆ ವರ್ಷ ರಿಟರ್ನ್ ಸಲ್ಲಿಸುವ ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು. ಮುಂದೂಡಿದ ಸುದ್ದಿ ಮೇ ತಿಂಗಳಲ್ಲೇ ಬಂದಿತ್ತು. ಅಂದರೆ ನಲವತ್ತಾರು ದಿನ ಹೆಚ್ಚಿಗೆ ಕೈಗೆ ಸಿಕ್ಕಿತ್ತು. ಹೊಸ ಆದಾಯ ತೆರಿಗೆ ಕಾಯ್ದೆಯನ್ನು ಓದಬೇಕು, ಶುಲ್ಕದ ಪಟ್ಟಿಯನ್ನು ಪರಿಷ್ಕರಿಸಬೇಕು, ಕಚೇರಿಯ ಕೆಲಸದ ಹಂಚಿಕೆಯನ್ನು ಬದಲಿಸಬೇಕು ಎಂದು ನಾನು ಆ ಮೇ ತಿಂಗಳಲ್ಲಿ ಹಿಗ್ಗಿದ್ದು ನೆನಪಿದೆ. ಅದರಲ್ಲಿ ಒಂದೂ ಆಗಲಿಲ್ಲ. ನಲವತ್ತಾರು ದಿನ ನೀರಿಗೆ ಬಿದ್ದ ಬೆಲ್ಲದಂತೆ ಕರಗಿ, ಜುಲೈ 31ರ ರಾತ್ರಿ ನಡೆಯಬೇಕಾಗಿದ್ದ ಜಾಗರಣೆ ಸೆಪ್ಟೆಂಬರ್ 15ರ ರಾತ್ರಿ ನಡೆಯಿತು, ಅಷ್ಟೆ. ಕೊನೆಗೆ ಇನ್ನೂ ಒಂದು ದಿನದ ವಿಸ್ತರಣೆ ಸಿಕ್ಕಿತು. ನಮ್ಮಲ್ಲಿ ಯಾರಿಗೂ ಚಪ್ಪಾಳೆ ತಟ್ಟುವ ತ್ರಾಣವಿರಲಿಲ್ಲ.

ಆಮೇಲೆ ದಸರೆಯ ರಜೆಯಲ್ಲಿ ಕುಳಿತು ನನ್ನನ್ನೇ ಕೇಳಿಕೊಂಡೆ: ಆ ನಲವತ್ತಾರು ದಿನ ಎಲ್ಲಿ ಹೋದವು? ಈ ಪ್ರಶ್ನೆ ನನ್ನೊಬ್ಬನದಲ್ಲ. ವಕೀಲರು, ವೈದ್ಯರು, ಕಾಲೇಜು ಪ್ರಾಧ್ಯಾಪಕರು, ಸಾಫ್ಟ್‌ವೇರ್ ತಂಡ ನಡೆಸುವವರು ಎಲ್ಲರೂ ಇದೇ ಮಾತನ್ನು ಹೇಳುತ್ತಾರೆ: ಕೆಲಸವೇನೋ ಸಾಗುತ್ತಿದೆ, ಕುಳಿತು ಯೋಚಿಸಲು ಮಾತ್ರ ಪುರಸೊತ್ತಿಲ್ಲ. ಇದನ್ನು ಸೋಮಾರಿತನವೆಂದೋ ಶಿಸ್ತಿನ ಕೊರತೆಯೆಂದೋ ತಳ್ಳಿಹಾಕುವುದು ಸುಲಭ. ಆದರೆ ಇದರ ಹಿಂದೆ ಒಂದು ಲೆಕ್ಕವಿದೆ. ಲೆಕ್ಕ ನನ್ನ ಕಸುಬಾದ್ದರಿಂದ ಅದನ್ನು ಬಿಡಿಸಿ ಹೇಳಲು ನೋಡುತ್ತೇನೆ.

ನಮ್ಮ ತಾತನ ಕಾಲದ ಅಂಗಡಿಗಳಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ಒಂದು ಕಿರ್ದಿ, ಇನ್ನೊಂದು ಖಾತೆ. ಕಿರ್ದಿಯಲ್ಲಿ ಆಯಾ ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆಯುತ್ತಾ ಹೋಗುವುದು: ರಾಮಯ್ಯನಿಗೆ ಉದ್ದರಿ ಎರಡು ಮೂಟೆ ಅಕ್ಕಿ, ಗಾಡಿ ಬಾಡಿಗೆ, ಸೀಮೆಎಣ್ಣೆ ಖರ್ಚು. ಆಮೇಲೆ ಪುರಸೊತ್ತಿನಲ್ಲಿ ಅದರ ಒಂದೊಂದು ಸಾಲನ್ನೂ ಎತ್ತಿ ಆಯಾ ಹೆಸರಿನ ಖಾತೆಗೆ ಸಾಗಿಸುವುದು. ಈ ಸಾಗಿಸುವ ಕೆಲಸಕ್ಕೆ ಖತಾವಣಿ ಎಂದು ಹೆಸರು. ಕಿರ್ದಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ರಾಮಯ್ಯ ಒಟ್ಟು ಎಷ್ಟು ಕೊಡಬೇಕೆಂಬುದನ್ನು ಅದು ಹೇಳುವುದಿಲ್ಲ. ವ್ಯಾಪಾರ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಎಂಬುದಂತೂ ಇಲ್ಲವೇ ಇಲ್ಲ. ಅದು ತಿಳಿಯಬೇಕಾದರೆ ಖತಾವಣಿ ಆಗಬೇಕು, ಖಾತೆಗಳನ್ನೆಲ್ಲ ಒಟ್ಟಿಗೆ ಸರಿನೋಡುವ ತಾಳೆಪಟ್ಟಿ ತೆಗೆಯಬೇಕು.

ನಮ್ಮ ವೃತ್ತಿಜೀವನದ ದಿನಗಳೆಲ್ಲ ಬರೀ ಕಿರ್ದಿಯಾಗಿವೆ. ಫೋನು ಬಂತು, ಎತ್ತಿದೆ. ನೋಟಿಸು ಬಂತು, ಉತ್ತರ ಬರೆದೆ. ಇಪ್ಪತ್ತನೆಯ ತಾರೀಖು ಬಂತು, ಜಿಎಸ್‌ಟಿ ಸಲ್ಲಿಸಿದೆ. ಒಂದಾದ ಮೇಲೊಂದರಂತೆ ಸಾಲುಗಳು ತುಂಬುತ್ತಿವೆ, ಪುಟಗಳು ಮಗುಚುತ್ತಿವೆ. ಈ ಲೇಖನದಲ್ಲಿ ಯೋಚನೆ ಎಂದು ನಾನು ಹೇಳುವುದು ಧ್ಯಾನವನ್ನಲ್ಲ, ಏಕಾಂತದ ಸುಖವನ್ನೂ ಅಲ್ಲ. ನಡೆದದ್ದನ್ನು ಎತ್ತಿ ಸರಿಯಾದ ತಲೆಬರಹದ ಕೆಳಗೆ ಇಡುವ ಆ ಒಣ ಕೆಲಸವನ್ನು.

ಸಾಲಿನ ಲೆಕ್ಕ

ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿ ಕೆಲಸಕ್ಕಿದ್ದರು. ಎಷ್ಟು ತಂತಿ, ಎಷ್ಟು ಆಪರೇಟರುಗಳಿದ್ದರೆ ಕರೆ ಮಾಡಿದವರು ಹೆಚ್ಚು ಕಾಯದೆ ಮಾತನಾಡಬಹುದು ಎಂಬ ಪ್ರಶ್ನೆ ಅವರ ಮುಂದಿತ್ತು. 1909ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಿಂದ ಸರದಿ ಸಾಲುಗಳ ಗಣಿತ ಎಂಬ ಶಾಖೆಯೇ ಹುಟ್ಟಿತು. ಅದರ ಅತಿ ಸರಳ ರೂಪವನ್ನು ನಮ್ಮ ಕಚೇರಿಗೆ ಹೊಂದಿಸಿ ಹೇಳುತ್ತೇನೆ.

ಕೆಲಸ ಮಾಡುವವನು ಒಬ್ಬನೇ ಎಂದಿಟ್ಟುಕೊಳ್ಳಿ. ಒಂದು ಕೆಲಸಕ್ಕೆ ಸರಾಸರಿ ಒಂದು ಗಂಟೆ ಬೇಕು. ಕೆಲಸಗಳು ಹೇಳಿ ಕೇಳಿ ಬರುವುದಿಲ್ಲ. ಒಮ್ಮೆ ಮೂರು ಒಟ್ಟಿಗೆ ಬರುತ್ತವೆ, ಒಮ್ಮೆ ಒಂದೂ ಬರುವುದಿಲ್ಲ. ಅವನ ದಿನದ ಅರ್ಧ ಭಾಗ ಮಾತ್ರ ಭರ್ತಿಯಾಗಿದ್ದರೆ, ಹೊಸದಾಗಿ ಬಂದ ಕೆಲಸ ತನ್ನ ಸರದಿಗಾಗಿ ಸರಾಸರಿ ಒಂದು ಗಂಟೆ ಕಾಯುತ್ತದೆ. ಶೇ. 80ರಷ್ಟು ಭರ್ತಿಯಾಗಿದ್ದರೆ ನಾಲ್ಕು ಗಂಟೆ. ಶೇ. 90 ಆದರೆ ಒಂಬತ್ತು ಗಂಟೆ. ಶೇ. 95 ಆದರೆ ಹತ್ತೊಂಬತ್ತು ಗಂಟೆ. ಶೇ. 99ಕ್ಕೆ ಹೋದರೆ ತೊಂಬತ್ತೊಂಬತ್ತು ಗಂಟೆ. ಮೊದಲಿನ ಅರ್ಧದಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಏರಿಕೆಯೆಲ್ಲ ಕೊನೆಯ ಹತ್ತಿಪ್ಪತ್ತು ಭಾಗದಲ್ಲಿ ಒಟ್ಟಿಗೆ ಬರುತ್ತದೆ.

ಬೆಂಗಳೂರಿನವರಿಗೆ ಇದನ್ನು ಗಣಿತದಿಂದ ಹೇಳಬೇಕಾಗಿಯೇ ಇಲ್ಲ. ಭಾನುವಾರ ಬೆಳಿಗ್ಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಆಟೊ ಕೆಟ್ಟು ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಸೋಮವಾರ ಸಂಜೆ ಆರೂವರೆಗೆ ಅದೇ ಆಟೊ ಅದೇ ಜಾಗದಲ್ಲಿ ಎರಡು ನಿಮಿಷ ನಿಂತರೆ ಬೊಮ್ಮನಹಳ್ಳಿಯವರೆಗೂ ಬಿಸಿ ತಟ್ಟುತ್ತದೆ. ರಸ್ತೆ ಅದೇ, ಆಟೊ ಅದೇ. ಬದಲಾದದ್ದು ರಸ್ತೆಯಲ್ಲಿ ಉಳಿದಿದ್ದ ಖಾಲಿ ಜಾಗ.

ಈಗ ಈ ಲೆಕ್ಕದಲ್ಲಿ ಯೋಚನೆಯನ್ನು ಎಲ್ಲಿ ಇಡುತ್ತೀರಿ? ಸಾಮಾನ್ಯವಾಗಿ ಸಾಲಿನ ಕಟ್ಟಕಡೆಯಲ್ಲಿ. "ಇಷ್ಟು ಮುಗಿಯಲಿ, ಆಮೇಲೆ ಕುಳಿತು ಯೋಚಿಸೋಣ" ಎನ್ನುತ್ತೇವೆ. ಶೇ. 95 ಭರ್ತಿಯಾದ ಸಾಲಿನ ಕೊನೆ ಎಂದೂ ಕೌಂಟರಿಗೆ ಬರುವುದಿಲ್ಲ, ಏಕೆಂದರೆ ಗ್ರಾಹಕರ ಕೆಲಸವೆಲ್ಲ ಯೋಚನೆಯನ್ನು ದಾಟಿ ಮುಂದೆ ಹೋಗಿ ನಿಲ್ಲುತ್ತದೆ. ಬಿಡುವು ಸಿಕ್ಕಾಗ ಯೋಚಿಸುತ್ತೇನೆ ಎಂಬುದು ಒಳ್ಳೆಯ ಸಂಕಲ್ಪವಿರಬಹುದು. ಅಂಕಗಣಿತದ ಪ್ರಕಾರ ಅದು ನಡೆಯದ ಮಾತು.

ಹಾಗಾದರೆ ಇನ್ನಷ್ಟು ಬೇಗ ಬೇಗ ಕೆಲಸ ಮಾಡಿ ಬಿಡುವು ಗಳಿಸಬಹುದಲ್ಲ ಎಂದರೆ, ಅದಕ್ಕೂ ನಮ್ಮ ಊರಿನ ಮೇಲ್ಸೇತುವೆಗಳೇ ಉತ್ತರ. ಜಾಗ ಮಾಡಿಕೊಟ್ಟಷ್ಟೂ ವಾಹನಗಳು ಬಂದು ತುಂಬಿಕೊಳ್ಳುತ್ತವೆ. ಬೇಗ ಕೆಲಸ ಮುಗಿಸಿಕೊಡುವ ಆಡಿಟರಿಗೆ ಸಿಗುವ ಬಹುಮಾನವೆಂದರೆ ಇನ್ನೂ ಹತ್ತು ಫೈಲು. ಇದನ್ನು ನಾನು ಕೊರಗಿ ಹೇಳುತ್ತಿಲ್ಲ, ಅದರಿಂದಲೇ ನನ್ನ ಮನೆ ನಡೆದಿದೆ. ಆದರೆ ವೇಗದಿಂದ ಬಿಡುವು ಹುಟ್ಟುವುದಿಲ್ಲ ಎಂಬುದು ಗೊತ್ತಿರಬೇಕು.

ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಜಾನ್ಸ್ ಎಂಬ ಆಸ್ಪತ್ರೆಯ ಕಥೆ ಇಲ್ಲಿ ಹೇಳಬೇಕು. ಹೆಸರು ಕೇಳಿ ಕೋರಮಂಗಲದ್ದೆಂದು ತಿಳಿಯಬೇಡಿ. ಅಲ್ಲಿ 32 ಆಪರೇಷನ್ ಥಿಯೇಟರುಗಳಿದ್ದವು, ಎಲ್ಲವೂ ಸದಾ ಭರ್ತಿ. ತುರ್ತು ಪ್ರಕರಣ ಬಂದಾಗಲೆಲ್ಲ ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಗುತ್ತಿತ್ತು. ವೈದ್ಯರು ರಾತ್ರಿ ಎರಡು ಗಂಟೆಗೆ ಕತ್ತರಿ ಹಿಡಿಯುವ ಸ್ಥಿತಿ. ಸಲಹೆಗಾರರೊಬ್ಬರು ಬಂದು ಒಂದು ಥಿಯೇಟರನ್ನು ಖಾಲಿ ಬಿಡಿ, ಅದನ್ನು ತುರ್ತು ಪ್ರಕರಣಗಳಿಗೆ ಮಾತ್ರ ಬಳಸಿ ಎಂದರು. ಜಾಗವೇ ಸಾಲದಿರುವಾಗ ಇರುವುದರಲ್ಲಿ ಒಂದನ್ನು ಖಾಲಿ ಇಡುವುದೇ ಎಂದು ಶಸ್ತ್ರವೈದ್ಯರು ತಕರಾರು ತೆಗೆದರು. ಕೊನೆಗೆ ಇಟ್ಟು ನೋಡಿದರು. ಒಟ್ಟು ಶಸ್ತ್ರಚಿಕಿತ್ಸೆಗಳ ಸಂಖ್ಯೆ ಹೆಚ್ಚಿತು, ಹೊತ್ತಲ್ಲದ ಹೊತ್ತಿನ ಕೆಲಸ ಕಡಿಮೆಯಾಯಿತು. ತುರ್ತು ಯಾವಾಗ ಬರುತ್ತದೆಂದು ಗೊತ್ತಿಲ್ಲದಿದ್ದರೂ ಬಂದೇ ಬರುತ್ತದೆಂದು ಗೊತ್ತಿತ್ತು. ಅದಕ್ಕೆ ಒಂದು ಕೋಣೆಯ ಬಾಡಿಗೆ ಕಟ್ಟಿದ ಮೇಲೆ ಉಳಿದ 31 ಕೋಣೆಗಳು ತಮ್ಮ ಪಾಡಿಗೆ ನಡೆದವು.

ನಮ್ಮ ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನ ಶುಕ್ರವಾರ ಬಾಗಿಲು ತೆರೆಯುವುದಿಲ್ಲ. ಹೊರಗೆ ಸಾಲು ನಿಲ್ಲುವಷ್ಟು ವ್ಯಾಪಾರವಿರುವ ಹೋಟೆಲು ವಾರಕ್ಕೊಂದು ದಿನ ಮುಚ್ಚಿದರೂ ಎಂಟು ದಶಕ ದಾಟಿದೆ. ನಾನು ವಾರಕ್ಕೆ ಎರಡು ಗಂಟೆ ಬಾಗಿಲು ಹಾಕಿಕೊಂಡರೆ ಗ್ರಾಹಕರೆಲ್ಲ ಓಡಿಹೋಗುತ್ತಾರೆಂಬ ಭಯ ನನಗೆ ಹದಿನೈದು ವರ್ಷವಿತ್ತು.

ಮೇಷ್ಟ್ರ ನಿವೇಶನ

ಆ ಭಯದ ಬೆಲೆ ಎಷ್ಟೆಂದು ನನಗೆ ರೂಪಾಯಿಯಲ್ಲೇ ಗೊತ್ತು. ನಿವೃತ್ತ ಮೇಷ್ಟ್ರೊಬ್ಬರು ನನ್ನ ಹಳೆಯ ಗ್ರಾಹಕರು. 2025ರ ಜನವರಿಯಲ್ಲಿ ಕೆಂಗೇರಿ ಕಡೆಯ ಒಂದು ನಿವೇಶನ ಮಾರಿದರು. ಫೆಬ್ರವರಿಯಲ್ಲಿ ಫೋನು ಮಾಡಿ, "ಸಾರ್, ಸೈಟು ಕೊಟ್ಟುಬಿಟ್ಟೆ, ತೆರಿಗೆ ಏನಾದರೂ ನೋಡಬೇಕೇ?" ಎಂದು ಕೇಳಿದರು. ಅಂದು ನನ್ನ ಮುಂದೆ ಇಬ್ಬರು ಕುಳಿತಿದ್ದರು, ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು. "ರಿಟರ್ನ್ ಹಾಕುವಾಗ ನೋಡೋಣ ಮೇಷ್ಟ್ರೇ" ಎಂದೆ. ಹೇಳಿ ಮರೆತೆ. ಗಡುವು ಮುಂದಕ್ಕೆ ಹೋಗಿದ್ದರಿಂದ ಅವರು ನಿಧಾನವಾಗಿ ಆಗಸ್ಟ್‌ನಲ್ಲಿ ಕಾಗದಪತ್ರ ತಂದರು.

ಲಾಭ ಸುಮಾರು ಮೂವತ್ತು ಲಕ್ಷ. ಆಗಿನ ಕಾಯ್ದೆಯ 54ಇಸಿ ಸೆಕ್ಷನ್ನಿನ ಪ್ರಕಾರ, ಭೂಮಿ ಅಥವಾ ಕಟ್ಟಡ ಮಾರಿ ಬಂದ ದೀರ್ಘಾವಧಿಯ ಲಾಭವನ್ನು ಮಾರಿದ ಆರು ತಿಂಗಳೊಳಗೆ ನಿಗದಿತ ಬಾಂಡುಗಳಲ್ಲಿ ತೊಡಗಿಸಿದರೆ, ಐವತ್ತು ಲಕ್ಷದವರೆಗೆ ತೆರಿಗೆ ವಿನಾಯಿತಿ ಇತ್ತು. ರಿಟರ್ನ್ ಸಲ್ಲಿಸುವ ಗಡುವು ಮುಂದೆ ಹೋದರೆ ಈ ಆರು ತಿಂಗಳು ಮುಂದೆ ಹೋಗುವುದಿಲ್ಲ. ಅದು ಜುಲೈನಲ್ಲೇ ಮುಗಿದಿತ್ತು. ಹೊಸ ಮನೆ ಕಟ್ಟಿ ವಿನಾಯಿತಿ ಪಡೆಯುವ ದಾರಿಯೊಂದಿತ್ತು, ಆದರೆ ಇನ್ನೊಂದು ಮನೆ ಕಟ್ಟುವ ವಯಸ್ಸು ಅವರದಲ್ಲ. ಶೇ. 12.5ರ ದರದಲ್ಲಿ ಸೆಸ್ ಸೇರಿ ಸುಮಾರು 3.9 ಲಕ್ಷ ತೆರಿಗೆ ಕಟ್ಟಿದರು.

"ಅಲ್ಲ ಸಾರ್, ಫೆಬ್ರವರಿಯಲ್ಲೇ ಹೇಳಿದ್ದೆನಲ್ಲ" ಎಂದರು. ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳಿದ್ದರೆ ಚೆನ್ನಾಗಿತ್ತು.

ಇಲ್ಲಿ ನನಗೆ ಕಾನೂನು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಸಮಯವಿರಲಿಲ್ಲವೇ? ಬೇಕಾಗಿದ್ದದ್ದು ಎರಡು ನಿಮಿಷ. ಕಿರ್ದಿಯಲ್ಲಿ ಆ ಫೋನಿನ ಸಾಲು ಇತ್ತು, ಅದನ್ನು ಮೇಷ್ಟ್ರ ಖಾತೆಗೆ ಸಾಗಿಸಿ ಜುಲೈ ಎಂದು ಬರೆಯುವ ಖತಾವಣಿ ಆಗಿರಲಿಲ್ಲ. ಬಿಡುವಿಲ್ಲದ ವೃತ್ತಿಯಲ್ಲಿ ಆಗುವ ಹಾನಿಗಳಲ್ಲಿ ಬಹುಪಾಲು ಹೀಗೆಯೇ: ತಿಳಿಯದೆ ಆದದ್ದಲ್ಲ, ತಿಳಿದದ್ದು ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಇರದೆ ಆದದ್ದು.

ಮನಸ್ಸೂ ಸುಮ್ಮನಿರುವುದಿಲ್ಲ

ಲೆಕ್ಕದ ತೊಡಕಿನ ಮೇಲೆ ಮನಸ್ಸಿನ ತೊಡಕೂ ಇದೆ. 2018ರಲ್ಲಿ ಮೆಂಗ್ ಝು, ಯಾಂಗ್ ಯಾಂಗ್, ಕ್ರಿಸ್ಟೋಫರ್ ಶೀ ಎಂಬ ಮೂವರು ಸಂಶೋಧಕರು ಒಂದು ಸರಣಿ ಪ್ರಯೋಗ ಪ್ರಕಟಿಸಿದರು. ಎರಡು ಕೆಲಸಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದಕ್ಕೆ ಹೆಚ್ಚು ಪ್ರತಿಫಲ, ಧಾರಾಳ ಸಮಯ. ಇನ್ನೊಂದಕ್ಕೆ ಕಡಿಮೆ ಪ್ರತಿಫಲ, ಆದರೆ ಅವಕಾಶ ಬೇಗ ಮುಗಿದುಹೋಗುತ್ತದೆಂಬ ಒತ್ತಡ. ಆ ಒತ್ತಡ ಹುಸಿಯಾಗಿತ್ತು. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಮಾಡಿ ಮುಗಿಸಲು ಬೇಕಾದಷ್ಟು ಸಮಯವಿತ್ತು. ಆದರೂ ಅವಸರದ ಬಣ್ಣ ಬಳಿದಾಗ ಕಡಿಮೆ ಪ್ರತಿಫಲದ ಕೆಲಸವನ್ನು ಆರಿಸಿಕೊಳ್ಳುವವರು ಹೆಚ್ಚಾದರು. ತಮ್ಮನ್ನು ಸದಾ ಬಿಡುವಿಲ್ಲದವರೆಂದು ತಿಳಿದುಕೊಂಡವರಲ್ಲಿ ಈ ಸೆಳೆತ ಇನ್ನೂ ಬಲವಾಗಿತ್ತು. ಯೋಚನೆಗೆ ಗಡುವಿಲ್ಲ, ಜ್ಞಾಪನೆ ಕಳಿಸುವವರಿಲ್ಲ, ತಡವಾದರೆ ದಂಡವಿಲ್ಲ. ಹಾಗಾಗಿ ಅದು ಪ್ರತಿದಿನ ಸೋಲುತ್ತದೆ.

2024ರ ಮಾರ್ಚಿನ ನೀರಿನ ಬವಣೆ ನೆನಪಿಸಿಕೊಳ್ಳಿ. ನಮ್ಮ ಬೀದಿಯಲ್ಲಿ ಎಲ್ಲರೂ ಟ್ಯಾಂಕರಿನ ಹಿಂದೆ ಓಡುತ್ತಿದ್ದೆವು. ದೊಡ್ಡ ನಿವೇಶನಗಳ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವೆಂಬ ನಿಯಮ 2009ರಿಂದಲೇ ಇದೆ. ಆ ಮಾರ್ಚಿನಲ್ಲಿ ಇಂಗುಗುಂಡಿ ತೋಡಿಸುವ ಮಾತು ಪ್ರತಿ ಮನೆಯಲ್ಲೂ ಬಂತು. ಜೂನಿನಲ್ಲಿ ಮಳೆ ಬಂತು, ಮಾತು ನಿಂತಿತು. ಬಾಯಾರಿದಾಗ ಬಾವಿ ತೋಡುವವರನ್ನು ಗಾದೆ ಬೈಯುತ್ತದೆ. ನಾವು ಬಾಯಾರಿದಾಗ ಬಾವಿಯ ಮಾತಾಡಿ, ನೀರು ಕುಡಿದ ಮೇಲೆ ಗುದ್ದಲಿ ಒಳಗಿಟ್ಟವರು.

ಇನ್ನೊಂದು ತೊಡಕು ಚಿಕ್ಕದು, ಆದರೆ ದಿನಕ್ಕೆ ನೂರು ಸಲ ಕಾಡುವಂಥದ್ದು. ಸೋಫಿ ಲೆರಾಯ್ 2009ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದು ಇದು: ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ. ಕಾಫಿ ಫಿಲ್ಟರಿನಲ್ಲಿ ನಿನ್ನೆಯ ಗಷ್ಟು ತೆಗೆಯದೆ ಮೇಲೆಯೇ ಹೊಸ ಪುಡಿ ಹಾಕಿ ನೋಡಿ, ಡಿಕಾಕ್ಷನ್ ಇಳಿಯುವುದೇ ಇಲ್ಲ. ಎರಡು ಫೋನುಗಳ ನಡುವೆ ಸಿಕ್ಕ ಹತ್ತು ನಿಮಿಷದಲ್ಲಿ ಯೋಚಿಸಲು ಕುಳಿತವನ ಪಾಡು ಇದು. ಕೆಲಸ ಬಿಡಬೇಕಾಗಿ ಬಂದಾಗ "ಇಲ್ಲಿಗೆ ನಿಲ್ಲಿಸಿದ್ದೇನೆ, ಮುಂದೆ ಇದನ್ನು ಮಾಡಬೇಕು" ಎಂದು ಒಂದು ಸಾಲು ಬರೆದಿಟ್ಟರೆ ಈ ಗಷ್ಟು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆಂದು ಅವರೇ ಮುಂದೆ ಇನ್ನೊಬ್ಬರ ಜೊತೆಗೂಡಿ ತೋರಿಸಿದರು. ನಮ್ಮ ಕಚೇರಿಯಲ್ಲಿ ಈಗ ಪ್ರತಿ ಫೈಲಿನ ಮೇಲೆ ಹಳದಿ ಚೀಟಿ ಇರುತ್ತದೆ. ಅದಕ್ಕೆ ಆಗುವ ಖರ್ಚು ಚೀಟಿಯದ್ದು ಮಾತ್ರ.

ಬಾಗಿಲು ಹಾಕಿಕೊಂಡು ಮಾಡುವುದೇನು

ಮೊದಲು ಸಮಯದ ಮಾತು. ನನ್ನ ವೃತ್ತಿಯಲ್ಲಿ ತಿಂಗಳಿಗೊಂದು ಉಬ್ಬರವಿಳಿತವಿದೆ. 7ಕ್ಕೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಂಡ ತೆರಿಗೆ, ಕಟ್ಟುವುದು, 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 15ಕ್ಕೆ ಭವಿಷ್ಯ ನಿಧಿ, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ. ಇಪ್ಪತ್ತೊಂದರಿಂದ ತಿಂಗಳ ಕೊನೆಯವರೆಗೆ ಸ್ವಲ್ಪ ಇಳಿತ. ವರ್ಷದಲ್ಲಿ ನೋಡಿದರೆ ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಉಸಿರಾಡಬಹುದು. ವಕೀಲರಿಗೆ ಬೇಸಿಗೆ ರಜೆ, ಪ್ರಾಧ್ಯಾಪಕರಿಗೆ ಪರೀಕ್ಷೆ ಮುಗಿದ ವಾರ, ಹೀಗೆ ಪ್ರತಿ ಕಸುಬಿಗೂ ತನ್ನದೇ ಇಳಿತವಿರುತ್ತದೆ. ನಾನು ಮೂರು ಅಳತೆ ಇಟ್ಟುಕೊಂಡಿದ್ದೇನೆ: ಮಂಗಳವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ, ತಿಂಗಳ ಕೊನೆಯ ವಾರದಲ್ಲಿ ಅರ್ಧ ದಿನ, ಸಂಕ್ರಾಂತಿ ಕಳೆದ ವಾರ ಎರಡು ಪೂರ್ತಿ ದಿನ. ಇವು ಡೈರಿಯಲ್ಲಿ ಗ್ರಾಹಕರ ಭೇಟಿಯಂತೆಯೇ ಮೊದಲೇ ಬರೆದುಕೊಂಡವು. ಆ ಹೊತ್ತಿಗೆ ಬೇರೆ ಯಾರಾದರೂ ಬರುತ್ತೇನೆಂದರೆ "ಆ ಹೊತ್ತಿಗೆ ಒಬ್ಬರು ಬರುವವರಿದ್ದಾರೆ" ಎನ್ನುತ್ತೇನೆ. ಪೂರ್ತಿ ಸುಳ್ಳೇನಲ್ಲ.

ಪ್ರಯಾಣದ ಹೊತ್ತಿನಲ್ಲಿ ಯೋಚಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಕೋಣನಕುಂಟೆಯಿಂದ ನ್ಯಾಷನಲ್ ಕಾಲೇಜಿನವರೆಗೆ ಮೆಟ್ರೊದಲ್ಲಿ ಸೀಟು ಸಿಕ್ಕ ದಿನ ನನಗೆ ಒಂದೆರಡು ಒಳ್ಳೆಯ ವಿಚಾರ ಹೊಳೆದದ್ದುಂಟು. ಹೊಳೆದದ್ದನ್ನು ಬರೆದುಕೊಳ್ಳಲು ಅದು ಸರಿ. ಲೆಕ್ಕ ಹಾಕಲು ಮೇಜು ಬೇಕು. ಸ್ಕೂಟರಿನ ಮೇಲಂತೂ ಬೇಡ, ದಯವಿಟ್ಟು ರಸ್ತೆ ನೋಡಿ.

ಇನ್ನು ಆ ಎರಡು ಗಂಟೆಯಲ್ಲಿ ಮಾಡುವುದೇನು? ಇಲ್ಲೇ ಬಹಳ ಜನ ಸೋಲುತ್ತಾರೆ. ನಾನೂ ಮೊದಲ ಮೂರು ಮಂಗಳವಾರ ಕಿಟಕಿಯಾಚೆಯ ಸಂಪಿಗೆ ಮರ ನೋಡಿದೆ, ನಾಲ್ಕನೆಯ ಮಂಗಳವಾರ ಹಳೆಯ ಇಮೇಲ್‌ಗಳಿಗೆ ಉತ್ತರ ಬರೆದೆ. ಯೋಚಿಸುತ್ತೇನೆ ಎಂದು ಕುಳಿತರೆ ಯೋಚನೆ ಬರುವುದಿಲ್ಲ. ಅದಕ್ಕೂ ಒಂದು ಹಳಿ ಬೇಕು.

ನನ್ನ ಹಳಿ ಒಂದು ಉದ್ದನೆಯ ರೂಲ್ ಹಾಕಿದ ಪುಸ್ತಕ. ವಾರದ ಕಿರ್ದಿ ಎಡಗಡೆ ಇರುತ್ತದೆ: ಯಾರು ಬಂದರು, ಏನು ಕೇಳಿದರು, ಎಲ್ಲಿ ಎಡವಿದೆವು. ಅದನ್ನು ಒಂದೊಂದಾಗಿ ಓದುತ್ತಾ ಬಲಗಡೆಯ ಪುಟಗಳಿಗೆ ಸಾಗಿಸುತ್ತೇನೆ. ಆ ಪುಟಗಳಿಗೆ ತಲೆಬರಹಗಳಿವೆ. ತಾರೀಖಿಗೆ ಕಟ್ಟಿಬಿದ್ದವು ಒಂದು ಪುಟಕ್ಕೆ. ಮೇಷ್ಟ್ರ ಪುಟ ಎಂದು ಅದಕ್ಕೆ ನಾನಿಟ್ಟ ಹೆಸರು. ಯಾರಾದರೂ ಸೈಟು ಮಾರಿದರೆ, ಮಗನಿಗೆ ವಿದೇಶಕ್ಕೆ ಹಣ ಕಳಿಸಿದರೆ, ಪಾಲುದಾರಿಕೆ ಒಡೆದರೆ ಅದು ಅಲ್ಲಿಗೆ ಹೋಗಿ ಕ್ಯಾಲೆಂಡರಿನ ಒಂದು ದಿನಕ್ಕೆ ಗಂಟು ಬೀಳುತ್ತದೆ. ಎರಡು ಸಲಕ್ಕಿಂತ ಹೆಚ್ಚು ಬಂದ ತೊಂದರೆಗಳು ಇನ್ನೊಂದು ಪುಟಕ್ಕೆ. ಒಟಿಪಿ ಬೇರೆಯವರ ಮೊಬೈಲಿಗೆ ಹೋಗುವುದನ್ನು ಹಾಗೆ ಬರೆಯತೊಡಗಿದಾಗ ಒಂದೇ ಸೀಸನ್ನಿನಲ್ಲಿ ಹನ್ನೊಂದು ಸಲ ಆಗಿತ್ತೆಂದು ತಿಳಿಯಿತು. ಈಗ ಏಪ್ರಿಲ್‌ನಲ್ಲೇ ಎಲ್ಲ ಗ್ರಾಹಕರ ಮೊಬೈಲ್ ಸಂಖ್ಯೆಗಳನ್ನು ಪೋರ್ಟಲಿನಲ್ಲಿ ಸರಿಪಡಿಸುವ ಕೆಲಸ ಒಬ್ಬ ಹುಡುಗಿಯ ಪಾಲಿಗಿದೆ. ಎರಡು ದಿನದ ಕೆಲಸ. ಹನ್ನೊಂದು ರಾತ್ರಿಗಳು ಉಳಿದವು.

ಮೂರನೆಯ ಪುಟ ದೂರದ್ದು: ಆರು ತಿಂಗಳು, ವರ್ಷದಾಚೆ ಬರುವ ಸಂಗತಿಗಳು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 536 ಸೆಕ್ಷನ್ನುಗಳ 2025ರ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಆದಾಯ ಬಂದದ್ದಕ್ಕೆ ಹಿಂದಿನ ವರ್ಷ, ಅದರ ತೆರಿಗೆ ಲೆಕ್ಕಕ್ಕೆ ನಿರ್ಧರಣಾ ವರ್ಷ ಎಂಬ ಜೋಡಿ ಹೋಗಿ ತೆರಿಗೆ ವರ್ಷ ಎಂಬ ಒಂದೇ ಮಾತು ಉಳಿದಿದೆ. ಆದರೆ 2025-26ರ ಆದಾಯದ ರಿಟರ್ನ್ ಹಳೆಯ ಕಾಯ್ದೆಯಲ್ಲೇ ಸಲ್ಲಬೇಕು, ಏಪ್ರಿಲ್‌ನಿಂದಾಚೆಗಿನ ಟಿಡಿಎಸ್ ಹೊಸದರಲ್ಲಿ. ಒಂದೇ ಮೇಜಿನ ಮೇಲೆ ಎರಡು ಕಾಯ್ದೆಗಳು. ಇಂಥದ್ದನ್ನು ಸೀಸನ್ನಿನ ಮಧ್ಯೆ ಕಲಿಯಲು ಹೊರಟರೆ ಯುದ್ಧಕಾಲದ ಶಸ್ತ್ರಾಭ್ಯಾಸವಾಗುತ್ತದೆ. ಮಂಗಳವಾರಗಳಲ್ಲಿ ಕೊನೆಯ ಅರ್ಧ ಗಂಟೆ, ಒಂದು ಅಧ್ಯಾಯದ ಒಂದು ತುಂಡು. ಅವಸರವಿಲ್ಲದ್ದರಿಂದ ತಲೆಗೂ ಹತ್ತುತ್ತದೆ.

ಸಂಕ್ರಾಂತಿಯ ಎರಡು ದಿನಗಳ ಆಟ ಬೇರೆ. ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಒಂದು ಉಪಾಯವಿದೆ, ಮರಣೋತ್ತರ ಪರೀಕ್ಷೆಯನ್ನು ಮರಣಕ್ಕೆ ಮುಂಚೆ ಮಾಡುವುದು. ಕಚೇರಿಯವರನ್ನೆಲ್ಲ ಕೂರಿಸಿ, "ಇದು ಅಕ್ಟೋಬರ್ ತಿಂಗಳೆಂದು ಭಾವಿಸಿ. ಈ ಸಲದ ಸೀಸನ್ ಕುಲಗೆಟ್ಟು ಹೋಗಿದೆ. ಯಾಕೆ ಎಂದು ಬರೆಯಿರಿ" ಎಂದೆ. ಹೆಸರು ಬೇಡ, ಒಂದೊಂದು ಚೀಟಿ ಸಾಕು. ಮುಂದೆ ಏನೇನು ತಪ್ಪಬಹುದು ಎಂದು ಕೇಳಿದ್ದರೆ "ಏನಿಲ್ಲ ಸಾರ್" ಎನ್ನುತ್ತಿದ್ದರು. ಆಗಿಹೋಗಿದೆ ಎಂದು ಹೇಳಿದ್ದರಿಂದ ಬಾಯಿ ಬಿಟ್ಟಿತು. ಹನ್ನೆರಡು ಚೀಟಿಗಳಲ್ಲಿ ಐದರಲ್ಲಿ ಒಂದೇ ಮಾತು ಬೇರೆ ಬೇರೆ ರೀತಿಯಲ್ಲಿತ್ತು. ಎಲ್ಲಕ್ಕಿಂತ ನೇರವಾಗಿದ್ದದ್ದು ಇದು: "ಪ್ರತಿ ಫೈಲನ್ನೂ ಸಾರ್ ತಾವೇ ಒಮ್ಮೆ ನೋಡಬೇಕೆನ್ನುತ್ತಾರೆ. ಅವರ ಮೇಜಿನ ಮೇಲೆ ನಾಲ್ಕು ದಿನ ಇರುತ್ತದೆ."

ಎರ್ಲಾಂಗ್‌ನ ಲೆಕ್ಕದಲ್ಲಿ ಶೇ. 99 ಭರ್ತಿಯಾದ ಆ ಒಂದೇ ಕೌಂಟರು ನಾನೇ ಎಂದಾಯಿತು. ಸಂಬಳದಾರರ ಸರಳ ರಿಟರ್ನುಗಳನ್ನು ಈಗ ಇಬ್ಬರು ಹಿರಿಯ ಸಹಾಯಕರು ಒಬ್ಬರದನ್ನೊಬ್ಬರು ತಾಳೆ ನೋಡಿ ಮುಗಿಸುತ್ತಾರೆ. ನನ್ನ ಬಳಿಗೆ ಆಡಿಟ್, ಆಸ್ತಿ ಮಾರಾಟ, ನೋಟಿಸು ಇವು ಮಾತ್ರ. ಮೊದಲ ತಿಂಗಳು ಕೈ ತುರಿಸುತ್ತಿತ್ತು.

ಯೋಜನೆ ಹಾಕುವಾಗ ಇನ್ನೊಂದು ಮೋಸವಿದೆ, ಅದು ನಮಗೆ ನಾವೇ ಮಾಡಿಕೊಳ್ಳುವುದು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳನ್ನು ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ಕೇಳಿದರು. ಸರಾಸರಿ 34 ದಿನ ಎಂದರು. ಎಲ್ಲವೂ ಕೈಕೊಟ್ಟರೆ? 49 ದಿನ ಎಂದರು. ತೆಗೆದುಕೊಂಡದ್ದು ಸುಮಾರು 56 ದಿನ. ಕೆಟ್ಟದ್ದನ್ನು ಊಹಿಸುವಾಗಲೂ ನಾವು ಆಶಾವಾದಿಗಳೇ. ಆದ್ದರಿಂದ ಊಹೆಯನ್ನು ಬಿಟ್ಟು ಹಳೆಯ ದಾಖಲೆಯನ್ನು ನೋಡಬೇಕು. ಒಂದು ಜವಳಿ ಅಂಗಡಿಯ ಆಡಿಟ್ ನಾಲ್ಕು ದಿನ ಎಂದು ನಾನು ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೆ. ಪುಸ್ತಕ ತೆಗೆದು ನೋಡಿದರೆ ಒಂದು ವರ್ಷವೂ ಏಳು ದಿನಕ್ಕಿಂತ ಕಡಿಮೆಯಾಗಿರಲಿಲ್ಲ.

ಬರುವ ಕೆಲಸವನ್ನು ಪಳಗಿಸುವುದೂ ಇದರ ಭಾಗವೇ, ಏಕೆಂದರೆ ಸಾಲು ಉದ್ದವಾಗುವುದು ಕೆಲಸದ ಪ್ರಮಾಣದಿಂದ ಮಾತ್ರವಲ್ಲ, ಅದು ಅಡ್ಡಾದಿಡ್ಡಿಯಾಗಿ ಬರುವುದರಿಂದ. ಸಂಕಟ ಬಂದಾಗ ವೆಂಕಟರಮಣ ಎನ್ನುವ ಗ್ರಾಹಕರಿಗೆ ನಾವು ಹೇಳಿದ ಬುದ್ಧಿಮಾತು ಯಾವುದೂ ನಾಟಲಿಲ್ಲ. ಜೂನ್ ಕೊನೆಯೊಳಗೆ ಕಾಗದ ಕೊಟ್ಟವರಿಗೆ ಹಳೆಯ ಶುಲ್ಕ, ಆಮೇಲೆ ಕೊಟ್ಟವರಿಗೆ ಒಂದೂವರೆ ಪಟ್ಟು ಎಂದು ಚೀಟಿ ಅಂಟಿಸಿದ ಮೇಲೆ ನಾಟಿತು. ಮೂವರು ಗ್ರಾಹಕರು ಬೇಸರದಿಂದ ಬೇರೆ ಕಡೆ ಹೋದರು. ಅವರು ಹೋದದ್ದರಿಂದ ಆದ ನಷ್ಟವನ್ನು ನಾನು ಲೆಕ್ಕ ಹಾಕಿದ್ದೇನೆ, ಮಂಗಳವಾರದ ಎರಡು ಗಂಟೆಗೆ ಅದು ಹೆಚ್ಚಿನ ಬೆಲೆಯಲ್ಲ.

ಫೋನುಗಳ ವಿಷಯದಲ್ಲಿ ನನ್ನ ಗುರು ನಮ್ಮ ಬೀದಿಯ ದರ್ಶಿನಿಯ ದೋಸೆ ಭಟ್ಟರು. ಬೆಳಿಗ್ಗೆ ಎಂಟೂವರೆಯ ನೂಕುನುಗ್ಗಲಿನಲ್ಲಿ ಅವರನ್ನು ಗಮನಿಸಿ. ಕಾವಲಿಯ ಮೇಲೆ ನೀರು ಚಿಮುಕಿಸಿ ಕಡ್ಡಿ ಪೊರಕೆಯಿಂದ ಒಮ್ಮೆ ಗುಡಿಸುತ್ತಾರೆ. ಮೂರು ಸಾಲಿನಲ್ಲಿ ಹನ್ನೆರಡು ಹಿಟ್ಟು ಹುಯ್ಯುತ್ತಾರೆ, ಹನ್ನೆರಡಕ್ಕೂ ತುಪ್ಪ, ಹನ್ನೆರಡಕ್ಕೂ ಕೆಂಪು ಚಟ್ನಿ, ಪಲ್ಯ, ಮಡಿಕೆ. ಕೌಂಟರಿನಾಚೆಯಿಂದ ಯಾರೋ "ಭಟ್ಟರೇ, ಒಂದು ಮಸಾಲೆ, ಅರ್ಜೆಂಟು" ಎಂದು ಕೂಗಿದರೆ ತಲೆಯನ್ನೂ ಎತ್ತುವುದಿಲ್ಲ. ಎತ್ತಿದರೆ ಹನ್ನೆರಡೂ ಸೀಯುತ್ತವೆ. ನಾನೂ ಈಗ ಗ್ರಾಹಕರ ಕರೆಗಳಿಗೆ ಹನ್ನೊಂದೂವರೆಗೆ ಒಂದು ಕಾವಲಿ, ನಾಲ್ಕೂವರೆಗೆ ಒಂದು ಕಾವಲಿ ಮಾಡಿಕೊಂಡಿದ್ದೇನೆ. ನಡುವೆ ಬಂದದ್ದನ್ನು ಮುಂದಿನ ಮೇಜಿನ ಹುಡುಗಿ ಬರೆದುಕೊಳ್ಳುತ್ತಾಳೆ.

ಇದೆಲ್ಲ ಸ್ವಂತ ಕಚೇರಿ ಇಟ್ಟವರಿಗೆ ಸರಿ, ಬೇರೆಯವರ ಕೈಕೆಳಗೆ ದುಡಿಯುವವರಿಗೆ? ಈ ಆಕ್ಷೇಪ ನ್ಯಾಯವಾದದ್ದು. ಹೊರವರ್ತುಲ ರಸ್ತೆಯ ಕಚೇರಿಯಲ್ಲಿ ದಿನಕ್ಕೆ ಆರು ಮೀಟಿಂಗ್ ಇರುವ ನನ್ನ ಸೋದರಳಿಯನಿಗೆ ಮಂಗಳವಾರ ಬಾಗಿಲು ಹಾಕಿಕೋ ಎಂದರೆ ಅವನಿಗೆ ಹಾಕಿಕೊಳ್ಳಲು ಬಾಗಿಲೇ ಇಲ್ಲ. ಹೊರರೋಗಿಗಳ ಸಾಲು ನೋಡುವ ಸರ್ಕಾರಿ ವೈದ್ಯರಿಗೂ ಇಲ್ಲ. ಅಂಥ ಕಡೆ ಬಿಡುವು ಸಂಸ್ಥೆ ಕೊಡಬೇಕಾದದ್ದು, ವ್ಯಕ್ತಿಯ ಶಿಸ್ತಿನಿಂದ ಹುಟ್ಟುವಂಥದ್ದಲ್ಲ. ಆ ಆಸ್ಪತ್ರೆಯಲ್ಲಿ ಥಿಯೇಟರನ್ನು ಖಾಲಿ ಬಿಟ್ಟದ್ದು ಆಡಳಿತವೇ ಹೊರತು ಯಾವುದೋ ಒಬ್ಬ ವೈದ್ಯನಲ್ಲ. ಸೋದರಳಿಯ ತನ್ನ ಮೇಲಧಿಕಾರಿಗೆ ಮೇಲಿನ ಸಾಲಿನ ಲೆಕ್ಕವನ್ನು ತೋರಿಸಿ, ವಾರಕ್ಕೊಂದು ಮಧ್ಯಾಹ್ನ ಇಡೀ ತಂಡಕ್ಕೆ ಮೀಟಿಂಗ್ ಇಲ್ಲದಂತೆ ಮಾಡಿಸಿಕೊಂಡ. ಒಬ್ಬನೇ ಕೇಳಿದ್ದರೆ ಕೆಲಸಗಳ್ಳ ಎನ್ನುತ್ತಿದ್ದರು, ತಂಡದ ಹೆಸರಿನಲ್ಲಿ ಕೇಳಿದ್ದಕ್ಕೆ ಒಪ್ಪಿದರು. ಅದೂ ಆಗದವರಿಗೆ ನಾನು ಹೇಳಬಲ್ಲದ್ದು ದಿನದ ಕೊನೆಯ ಹತ್ತು ನಿಮಿಷ, ಕಾಗದದ ಮೇಲೆ. ಅದರಿಂದ ಮೂರನೆಯ ಪುಟದ ದೂರದ ಯೋಚನೆ ಆಗುವುದಿಲ್ಲ. ಮೇಷ್ಟ್ರ ಪುಟ ಮಾತ್ರ ಉಳಿಯುತ್ತದೆ.

ನನ್ನ ಮಂಗಳವಾರಗಳೂ ಎಲ್ಲ ಉಳಿದಿಲ್ಲ. ಒಂದು ವರ್ಷದ ಐವತ್ತೆರಡರಲ್ಲಿ ಮೂವತ್ತೆಂಟು ನಡೆದಿವೆ, ಪುಸ್ತಕದಲ್ಲಿ ಎಣಿಸಿದ್ದೇನೆ. ಗಡುವಿನ ವಾರಗಳಲ್ಲಿ ಬಾಗಿಲು ತೆರೆದೇ ಇತ್ತು. ಆಗ ಹಾಕಿಕೊಂಡು ಕೂರುವುದು ಹಟವಾಗುತ್ತದೆ. ಆದರೆ ತಪ್ಪಿದ ಮಂಗಳವಾರವನ್ನು ಡೈರಿಯಲ್ಲಿ ಹೊಡೆದುಹಾಕುವುದಿಲ್ಲ. ಬಾಣದ ಗುರುತು ಹಾಕಿ ಅದೇ ವಾರದ ಇನ್ನೊಂದು ಬೆಳಿಗ್ಗೆಗೆ ಸಾಗಿಸುತ್ತೇನೆ, ಅದು ಒಂದೇ ಗಂಟೆಯಾದರೂ ಸರಿ. ಅಲ್ಲೂ ತಪ್ಪಿದರೆ ಮುಂದಿನ ವಾರದ ಪುಟದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಬಾಕಿ ಎಂದು ಬರೆಯುತ್ತೇನೆ, ಹಳೆಯ ಅಂಗಡಿಯವರು ಉದ್ದರಿಯನ್ನು ಬರೆಯುತ್ತಿದ್ದಂತೆ. ಈ ವಾರದ ಪುಟದಲ್ಲಿ ಎರಡು ಗಂಟೆ ಬಾಕಿ ಇದೆ.